ಬೇಡಿ ತೊಡಿಸಿದವರಿಗೂ ಒಂದು ಹಾರ

ಜೂನ್ ತಿಂಗಳು ಬಂತೆಂದರೆ ಅಮೃತಹಳ್ಳಿ ಮುಖ್ಯರಸ್ತೆಯ ಕರೆಂಟು ಕಂಬಗಳಿಗೆ ಇತಿಹಾಸಪ್ರಜ್ಞೆ ಉಕ್ಕುತ್ತದೆ. 27ಕ್ಕೆ ಕೆಂಪೇಗೌಡ ಜಯಂತಿ. ಕಂಬಕ್ಕೊಂದು ಫ್ಲೆಕ್ಸು. 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಈ ಊರಲ್ಲಿ ಫ್ಲೆಕ್ಸಿಗೆ ನಿಷೇಧ ಬಿತ್ತು. ಕಂಬಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಮ್ಮ ತಿರುವಿನ ಫ್ಲೆಕ್ಸನ್ನು ಸ್ವಲ್ಪ ನೋಡಿ. ಎಡಮೂಲೆಯಲ್ಲಿ ವಿಜಯನಗರದ ಕಲ್ಲಿನ ರಥ. ಬಲಮೂಲೆಯಲ್ಲಿ ಮೈಸೂರಿನ ಒಡೆಯರು, ಹಿಂದೆ ಝಗಮಗಿಸುವ ಅರಮನೆ. ನಡುವೆ ಕತ್ತಿ ಹಿಡಿದ ನಾಡಪ್ರಭು. ಕೆಳಗೆ, ಈ ಮೂರೂ ಸೇರಿದರೂ ಸಾಟಿಯಾಗದ ಗಾತ್ರದಲ್ಲಿ, ಕೈಮುಗಿದ ನಾಯಕರು. ಪಕ್ಕದಲ್ಲಿ ಕೂಲಿಂಗ್ ಗ್ಲಾಸಿನ ಮಗ, 'ಯುವ ಕಣ್ಮಣಿ'. ಅವನ ಕಾಲ ಕೆಳಗೆ ಸ್ಟಾಂಪಿನಷ್ಟು ಇಪ್ಪತ್ತು ಮುಖ, ಶುಭ ಕೋರುವವರು.

ನಾಯಕರು ಹೋದ ಚುನಾವಣೆಯಲ್ಲಿ ವಂಶಪಾರಂಪರ್ಯ ರಾಜಕಾರಣದ ವಿರುದ್ಧ ಗಂಟಲು ಹರಿದುಕೊಂಡವರು. ಮಗ ಆ ಭಾಷಣದಲ್ಲಿ ಮೈಕು ಹಿಡಿದಿದ್ದ.

ಜಯಂತಿಗೆ ಮುಂಚೆ ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದರು. "ಅಂಕಲ್, ಐನೂರ ಒಂದು ಹಾಕ್ಬಿಡಿ, ನಾಡಪ್ರಭುಗಳ ಕೆಲಸ."

"ಕೊಡೋಣಪ್ಪ. ನಾಡಪ್ರಭುಗಳನ್ನ ಜೈಲಿಗೆ ಹಾಕಿದ್ದು ಯಾರು, ಗೊತ್ತಾ?"

ಮುಂದಿದ್ದವನು ಹಿಂದಿದ್ದವನ ಮುಖ ನೋಡಿದ. ಹಿಂದಿದ್ದವನು ಧೈರ್ಯವಾಗಿ ಹೇಳಿದ, "ಬ್ರಿಟಿಷರು, ಅಂಕಲ್."

ಐನೂರ ಒಂದು ಕೊಟ್ಟೆ. ಹುಡುಗರದ್ದೇನು ತಪ್ಪು? ಜೈಲಿಗೆ ಹಾಕಿಸಿದವರ ರಥ ಫ್ಲೆಕ್ಸಿನ ಎಡಮೂಲೆಯಲ್ಲಿ ನಗುತ್ತಾ ನಿಂತಿದ್ದರೆ ಅವರು ಏನಂತ ಊಹಿಸಬೇಕು?

1537ರಲ್ಲಿ ಮಣ್ಣಿನ ಕೋಟೆ ಕಟ್ಟಿ, ಪೇಟೆ ಹಾಕಿ, ಕೆರೆ ತೋಡಿಸಿದ ಯಲಹಂಕದ ಗೌಡರು ವಿಜಯನಗರದ ಸಾಮಂತರು. ಊರು ಬೆಳೆಯಿತು, ವ್ಯಾಪಾರ ಕುದುರಿತು. ಗೌಡರು ಸ್ವಂತ ನಾಣ್ಯ ಟಂಕಿಸಿದರು. ಅಪ್ಪಣೆ ತೆಗೆದುಕೊಳ್ಳಲಿಲ್ಲ. ಪಕ್ಕದ ಪಾಳೆಯಗಾರನೊಬ್ಬ ಚಾಡಿ ಹೇಳಿದ. ಅಳಿಯ ರಾಮರಾಯ ಕರೆಸಿ ಆನೆಗೊಂದಿಯ ಸೆರೆಗೆ ತಳ್ಳಿದ. ಐದು ವರ್ಷ ಎನ್ನುತ್ತದೆ ನಮ್ಮ ಸೀಮೆಯ ಐತಿಹ್ಯ. ದಂಡ ಕಟ್ಟಿಸಿಕೊಂಡು ಬಿಟ್ಟರಂತೆ.

ಈ ರಾಮರಾಯನಿಗೆ ಸೆರೆಮನೆಯ ವಿದ್ಯೆ ಮನೆಯಲ್ಲೇ ಕರಗತ. ಕೃಷ್ಣದೇವರಾಯನ ಮಗಳನ್ನು ಮದುವೆಯಾದವನು. ಅಳಿಯನಿಗೆ ಪಟ್ಟವಿಲ್ಲ. ಆದರೆ ಅಳಿಯನಿಗೆ ಆಸೆ ಇರಬಾರದು ಎಂದು ಯಾವ ಶಾಸ್ತ್ರದಲ್ಲಿದೆ? 1542ರಲ್ಲಿ ದೊರೆ ಅಚ್ಯುತರಾಯ ತೀರಿಕೊಂಡ. ಎಳೆಯ ಮಗನಿಗೆ ಪಟ್ಟ. ಆ ಮಗುವನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ಆ ತಿರುಮಲನನ್ನು ರಾಮರಾಯ ಮುಗಿಸಿದ. ನ್ಯಾಯ ಗೆದ್ದಿತು, ಸದಾಶಿವರಾಯನಿಗೆ ಪಟ್ಟವಾಯಿತು.

ಕೆಲವು ವರ್ಷ ಕಳೆಯುವಷ್ಟರಲ್ಲಿ ಸದಾಶಿವರಾಯನೇ ಕಾವಲಿನಲ್ಲಿ. ವರ್ಷಕ್ಕೊಮ್ಮೆ ರಾಮರಾಯ ತನ್ನ ತಮ್ಮಂದಿರನ್ನು ಕರೆದುಕೊಂಡು ಹೋಗಿ ದೊರೆಗೆ ಅಡ್ಡಬೀಳುತ್ತಿದ್ದ. ಎದ್ದು ಮೈಕೊಡವಿಕೊಂಡು ಬಂದು ಬಾಗಿಲಿಗೆ ಬೀಗ. ಕೈಮುಗಿಯುವುದು ಒಂದು ದಿನ, ಬೀಗ ಉಳಿದ ದಿನಗಳೆಲ್ಲ. ನಮ್ಮ ಜಯಂತಿಗಳ ಮೂಲ ಎಲ್ಲಿದೆ ಎಂದು ಯಾರಾದರೂ ಪಿಎಚ್.ಡಿ ಮಾಡುವುದಾದರೆ ಇಲ್ಲಿಂದ ಶುರುಮಾಡಬಹುದು.

1565ರಲ್ಲಿ ರಕ್ಕಸತಂಗಡಿಯಲ್ಲಿ ರಾಮರಾಯನ ತಲೆ ಹೋಯಿತು. ಹಂಪಿ ಹಾಳಾಯಿತು. ಇವತ್ತಿಗೂ ಆ ದಿನಕ್ಕೆ ಕಣ್ಣೀರು ಹಾಕುವವರಿದ್ದಾರೆ, ಹಾಕಲಿ. ಸೆರೆಯಲ್ಲಿದ್ದ ದೊರೆಗೆ ಒಂದು ಹನಿಯೂ ಮಿಕ್ಕಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ಗೌಡರ ಊರಿನ ಕತೆಗೆ ಬರೋಣ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದ, ಜೊತೆಗೆ ಶಹಾಜಿ ಭೋಸಲೆ. ಗೌಡರ ಮನೆತನ ಬೆಂಗಳೂರು ಬಿಟ್ಟು ಮಾಗಡಿಗೆ ಸರಿಯಿತು. ಊರು ಶಹಾಜಿಗೆ ಜಹಗೀರು. ಶಹಾಜಿ 1664ರಲ್ಲಿ ಚನ್ನಗಿರಿ ಕಡೆಯ ಹೊದಿಗೆರೆಯಲ್ಲಿ ಕುದುರೆಯಿಂದ ಬಿದ್ದು ಸತ್ತ. ಆಮೇಲೆ ಏನಾಗಬೇಕೋ ಅದೇ ಆಯಿತು. ಅಣ್ಣ ತಮ್ಮಂದಿರ ಭಾಗದ ಜಗಳ.

ಅಣ್ಣ ಶಿವಾಜಿ, ತಮ್ಮ ಏಕೋಜಿ. 1677ರಲ್ಲಿ ಅಣ್ಣ ದಂಡು ಸಮೇತ ದಕ್ಷಿಣಕ್ಕೆ ಬಂದು ಅಪ್ಪನ ಆಸ್ತಿಯಲ್ಲಿ ಅರ್ಧ ಕೇಳಿದ. ತಮ್ಮ ರಾತ್ರೋರಾತ್ರಿ ಬಿಡಾರದಿಂದ ಜಾಗ ಖಾಲಿ ಮಾಡಿದ. ಕೊನೆಗೆ ರಾಜಿ. ಆ ರಾಜಿಯಲ್ಲಿ ಬೆಂಗಳೂರು ಸೀಮೆ ಯಾರಿಗೆ ಬಂತು ಗೊತ್ತೆ? ಏಕೋಜಿಯ ಹೆಂಡತಿ ದೀಪಾಬಾಯಿಗೆ, ಕುಪ್ಪಸ ಬಳೆಯ ಖರ್ಚಿಗೆ. ಇವತ್ತು ಸಿಲಿಕಾನ್ ಸಿಟಿ ಎಂದು ಎದೆ ಉಬ್ಬಿಸುವ ಊರು ಒಂದು ಕಾಲಕ್ಕೆ ಒಬ್ಬ ಹೆಂಗಸಿನ ಬಳೆಯ ಬಾಬತ್ತು. ಕೋಟೆ ಕಟ್ಟಿಸಿದವರ ಮನೆತನ ಇನ್ನೂ ಮಾಗಡಿಯಲ್ಲಿ ಬದುಕಿತ್ತು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಏಕೋಜಿಗೆ ತಂಜಾವೂರು ಸಿಕ್ಕಿತ್ತು. ದೂರದ ಬೆಂಗಳೂರು ಖರ್ಚಿನ ಬಾಬು. ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಲು ಮಾತುಕತೆ ನಡೆಸಿದ. ಮಾತು ಮುಗಿಯುವ ಮೊದಲೇ, 1687ರ ಜುಲೈನಲ್ಲಿ, ಔರಂಗಜೇಬನ ಸರದಾರ ಕಾಸಿಂ ಖಾನ್ ಬಂದು ಕೋಟೆ ಹಿಡಿದ. ಹಿಡಿದವನು ಅದೇ ಮೂರು ಲಕ್ಷಕ್ಕೆ ಅದೇ ಒಡೆಯರಿಗೆ ಬಿಟ್ಟುಕೊಟ್ಟ.

ಥಣಿಸಂದ್ರದಿಂದ ಜಕ್ಕೂರಿನವರೆಗೆ ಸೈಟು ಕೊಳ್ಳಲು ಹೊರಟವರಿಗೆ ಈ ಕತೆ ಹೇಳಿದರೆ ಯಾರೂ ಬೆರಗಾಗುವುದಿಲ್ಲ. ಅಗ್ರಿಮೆಂಟು ಒಬ್ಬನ ಜೊತೆ, ಸ್ವಾಧೀನ ಇನ್ನೊಬ್ಬನದು, ದುಡ್ಡು ತೆಗೆದುಕೊಂಡವನು ಮೂರನೆಯವನು. ಕಟ್ಟಿಸಿದ ಮೂಲ ಮನೆಯವರ ಹೆಸರು ದಾಖಲೆಯಲ್ಲೇ ಇಲ್ಲ. ಊರಿನ ಜಾತಕವೇ ಹೀಗಿರುವಾಗ ಸೈಟುಗಳಿಂದ ಸಜ್ಜನಿಕೆ ಬಯಸುವುದು ಹೇಗೆ?

ಇನ್ನು ಫ್ಲೆಕ್ಸಿನ ಬಲಮೂಲೆ, ಮೈಸೂರು.

ಮೈಸೂರಿನ ಅರಸು ಪರಂಪರೆ ಎಂದರೆ ನಮಗೆ ಜಂಬೂ ಸವಾರಿ, ಗಂಡಭೇರುಂಡ, ಸ್ಯಾಂಡಲ್ ಸೋಪು. ಪಟ್ಟ ಹೇಗೆ ಕೈ ಬದಲಾಯಿಸುತ್ತಿತ್ತು ಎಂದು ಕೇಳಬೇಡಿ. ಕೇಳಿದರೆ ದಸರಾ ಪಾಸು ಸಿಗುವುದಿಲ್ಲ.

ಶಹಾಜಿ ಬೆಂಗಳೂರಿಗೆ ಬಂದ ಅದೇ 1638ರಲ್ಲಿ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದು ವರ್ಷ ಎರಡಾಗುವ ಮೊದಲೇ ಸತ್ತರು. ದಳವಾಯಿ ವಿಕ್ರಮರಾಯ ವಿಷ ಹಾಕಿಸಿದ ಎನ್ನುತ್ತದೆ ಚರಿತ್ರೆ. ಮುಂದಿನ ದೊರೆ ಕಂಠೀರವ ನರಸರಾಜರು ಗರಡಿಯ ಆಳು. ಮೊದಲು ಮಾಡಿದ ಕೆಲಸ ಈ ದಳವಾಯಿಯನ್ನು ಮುಗಿಸಿದ್ದು. ಮರುವರ್ಷ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದ ಗೋಡೆ ಹತ್ತಲು ಬಂದ, ಅವನನ್ನೂ ಹಿಂದಕ್ಕೆ ಅಟ್ಟಿದರು. ಮನೆಯೊಳಗಿನ ಶತ್ರು ಮೊದಲು, ಹೊರಗಿನವನು ಆಮೇಲೆ. ಮೈಸೂರಿನಲ್ಲಿ ಆ ಅನುಕ್ರಮ ಅರ್ಥವಾದ ದೊರೆಗಳು ಕಡಿಮೆ.

1704ರಲ್ಲಿ ಚಿಕ್ಕದೇವರಾಜರು ಹೋದರು. ಮಗ ಎರಡನೆಯ ಕಂಠೀರವ, ಹುಟ್ಟು ಮೂಗ. ಜನ ಮೂಕರಸು ಎಂದರು. ಮಂತ್ರಿಗಳಿಗೆ ಇದಕ್ಕಿಂತ ಒಳ್ಳೆಯ ದೊರೆ ಎಲ್ಲಿ ಸಿಗಬೇಕು? ಆಮೇಲೆ ಬಂದವರಿಗೆ ಮಾತು ಬರುತ್ತಿತ್ತು, ಆಡಲು ಕಳಲೆ ಮನೆತನದ ದಳವಾಯಿಗಳು ಬಿಡಲಿಲ್ಲ. ಸೈನ್ಯ ಅವರದು, ಖಜಾನೆ ಅವರದು. ದೊರೆಗೆ ಉಳಿದದ್ದು ನವರಾತ್ರಿ.

ಇದೇ ಕಳಲೆಯ ದಳವಾಯಿ ದೇವರಾಜಯ್ಯ 1728ರಲ್ಲಿ ಮಾಗಡಿಯ ಮೇಲೆ ದಂಡೆತ್ತಿ ಬಂದ. ಮಾಗಡಿ ಬಿತ್ತು. ಸಾವನದುರ್ಗ ಬಿತ್ತು. ಕೆಂಪೇಗೌಡರ ವಂಶದ ಕೊನೆಯ ಪ್ರಭು ಕೆಂಪವೀರಪ್ಪ ಗೌಡರು ಕೈದಿಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ತಿರುಗಿ ಬರಲಿಲ್ಲ, ಸೆರೆಯಲ್ಲೇ ಸತ್ತರು.

ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳಿ. ಮೊದಲ ಕೆಂಪೇಗೌಡರಿಗೆ ಬೇಡಿ ತೊಡಿಸಿದ್ದು ವಿಜಯನಗರ. ಕೊನೆಯವರಿಗೆ ತೊಡಿಸಿದ್ದು ಮೈಸೂರು. ಬ್ರಿಟಿಷರು ಆಗಿನ್ನೂ ಮದರಾಸಿನಲ್ಲಿ ಬಟ್ಟೆ ವ್ಯಾಪಾರದ ಲೆಕ್ಕ ಬರೆಯುತ್ತಿದ್ದರು. ಹೈದರಾಲಿ ಇನ್ನೂ ಚಿಕ್ಕ ಹುಡುಗ. ನಾಡಪ್ರಭುಗಳ ಮನೆಯ ದೀಪ ಆರಿಸಿದವರು ಅದೇ ದೇವರಿಗೆ ಕೈಮುಗಿಯುವ, ಅದೇ ಕನ್ನಡ ಮಾತಾಡುವ ನೆರೆಯವರು.

ಅವರೆಲ್ಲ ಈಗ ಒಂದೇ ಫ್ಲೆಕ್ಸಿನಲ್ಲಿ. ಕೈದಿ ನಡುವೆ, ಆಚೆ ಈಚೆ ಜೈಲರುಗಳು. ಮೂರಕ್ಕೂ ಒಂದೇ ಅಳತೆಯ ಹಾರ. 'ನಮ್ಮ ಹೆಮ್ಮೆಯ ಪರಂಪರೆ' ಎಂದು ಮೇಲೆ ಬರಹ. ವಿಮಾನ ನಿಲ್ದಾಣದಲ್ಲಿ 2022ರ ನವೆಂಬರಿನಲ್ಲಿ ನಿಲ್ಲಿಸಿದ 108 ಅಡಿಯ ಕೆಂಪೇಗೌಡರ ಕೈಯಲ್ಲಿ ನಾಲ್ಕು ಟನ್ನಿನ ಕತ್ತಿ ಇದೆ. ಯಾರ ಮೇಲೆ ಬೀಸಬೇಕು ಎಂದು ಆ ಕತ್ತಿಗೆ ಹೇಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ನಾಲ್ಕು ಜಾತಿಯ ಓಟು ಹೋಗುತ್ತದೆ.

ಹಾಗಂತ ಎಲ್ಲ ವಿಷಯದಲ್ಲೂ ನಾವು ಇಷ್ಟು ಉದಾರಿಗಳಲ್ಲ. ಟಿಪ್ಪುವಿಗೆ 2015ರಲ್ಲಿ ಸರ್ಕಾರಿ ಜಯಂತಿ ಶುರು, 2019ರಲ್ಲಿ ಸರ್ಕಾರಿ ಜಯಂತಿ ರದ್ದು. ಒಬ್ಬರಿಗೆ ಅವನು ಬರೀ ಹುಲಿ, ಇನ್ನೊಬ್ಬರಿಗೆ ಬರೀ ಕಟುಕ. ಹದಿನೆಂಟನೆಯ ಶತಮಾನದ ಒಬ್ಬ ದೊರೆ ಎರಡೂ ಆಗಿರಬಹುದು ಎಂದು ಟಿವಿ ಚರ್ಚೆಯಲ್ಲಿ ಹೇಳಿ ನೋಡಿ. ಜಾಹೀರಾತು ಬಿಡುವು ಕೊಡುತ್ತಾರೆ.

ಮತ್ತೆ ದಳವಾಯಿಗಳ ಕಾಲಕ್ಕೆ ಬರೋಣ. ಮೈಸೂರಿನಲ್ಲಿ ದೊರೆಯಾಗಲು ನಿಜಕ್ಕೂ ಪ್ರಯತ್ನಪಟ್ಟವರು ಏಳನೆಯ ಚಾಮರಾಜ ಒಡೆಯರು. 1732ರಲ್ಲಿ ಪಟ್ಟ. ದಳವಾಯಿಗಳ ಮೂಗುದಾರ ಕಳಚಲು ಹೊರಟರು. 1734ರಲ್ಲಿ ಪಟ್ಟದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಸಾಗಿಸಿದರು. ಅಲ್ಲೇ ಸತ್ತರು. ಈಗ ಕಬ್ಬಾಳದುರ್ಗಕ್ಕೆ ಭಾನುವಾರದ ಟ್ರೆಕ್ಕಿಂಗ್ ಇದೆ. ನಮ್ಮ ಮಾನ್ಯತಾ ಟೆಕ್ ಪಾರ್ಕಿನ ಹುಡುಗರು ಬೆಳಗಿನ ಜಾವವೇ ಹೋಗಿ ಸೂರ್ಯೋದಯದ ಸೆಲ್ಫಿ ಹಾಕುತ್ತಾರೆ, 'ರಾಯಲ್ ವ್ಯೂ' ಎಂದು ಬರೆದು.

ಆ ಜಾಗಕ್ಕೆ ದಳವಾಯಿಗಳು ಹುಡುಕಿ ತಂದದ್ದು ಒಂದು ಮಗುವನ್ನು, ಇಮ್ಮಡಿ ಕೃಷ್ಣರಾಜ. ಮಗು ದೊಡ್ಡದಾಯಿತು, ಮದುವೆಯಾಯಿತು, 1766ರಲ್ಲಿ ತೀರಿಯೂ ಹೋಯಿತು. ಮೂವತ್ತೆರಡು ವರ್ಷದ ಆಳ್ವಿಕೆ, ಆಳಿದ್ದು ಬೇರೆಯವರು. ಆ ಬೇರೆಯವರಲ್ಲಿ ಕರಾಚೂರಿ ನಂಜರಾಜಯ್ಯ ಕವಿಯೂ ಹೌದು. ಕಾವ್ಯ ಬರೆಯುತ್ತಾ ತಿರುಚಿನಾಪಳ್ಳಿಯ ಆಸೆಗೆ ಬಿದ್ದ. ಆರ್ಕಾಟಿನ ಮಹಮ್ಮದಾಲಿ ಊರು ಬರೆದುಕೊಡುತ್ತೇನೆ ಎಂದು ಸಹಾಯ ಪಡೆದು ಆಮೇಲೆ ಕೈ ಎತ್ತಿದ. ವರ್ಷಗಟ್ಟಲೆ ದಂಡು ಅಲ್ಲಿ ಕೂತು ಖಜಾನೆ ಬರಿದಾಯಿತು. ಸಂಬಳವಿಲ್ಲದ ಸಿಪಾಯಿಗಳು ಬಾಗಿಲಲ್ಲಿ ಧರಣಿ ಕೂತರು. ಬಾಕಿ ತೀರಿಸಿ ಅವರನ್ನು ಎಬ್ಬಿಸಿದವನು ಹೈದರಾಲಿ. ಸಂಬಳ ಕೊಟ್ಟವನ ಕಡೆಗೆ ಸೈನ್ಯ ತಿರುಗಿತು. ಇದಕ್ಕೆ ರಾಜನೀತಿ ಓದಬೇಕಿಲ್ಲ, ಒಂದು ತಿಂಗಳು ಸಂಬಳ ತಡವಾದರೆ ಸಾಕು.

ಹೈದರ್ ಮೊದಲು ಹೆಸರು ಮಾಡಿದ್ದು 1749ರ ದೇವನಹಳ್ಳಿ ಮುತ್ತಿಗೆಯಲ್ಲಿ. ಆ ಕೋಟೆಯೂ ಒಬ್ಬ ಗೌಡರದ್ದೇ, ಆವತಿ ನಾಡಪ್ರಭುಗಳದ್ದು. ಮುತ್ತಿದ್ದು ಮೈಸೂರು. ಫ್ಲೆಕ್ಸು ಮಾಡಿಸುವವರಿಗೆ ಇದೂ ಇರಲಿ, ಮುಂದಿನ ವರ್ಷಕ್ಕೆ ಬೇಕಾಗಬಹುದು.

ಹೈದರನನ್ನು ಕೆಡವಲು ಅವನ ಕೈಕೆಳಗಿದ್ದ ಖಂಡೇರಾವ್ 1760ರಲ್ಲಿ ಅರಮನೆಯ ಜೊತೆ ಸೇರಿದ. ಹೈದರ್ ಬೆಂಗಳೂರಿಗೆ ಓಡಿ ಬಂದು ಜೀವ ಉಳಿಸಿಕೊಂಡ. ಮರುವರ್ಷ ಗೆದ್ದು ಬಂದ. ಖಂಡೇರಾವನನ್ನು ಉಳಿಸಿ ಎಂದು ಅರಮನೆಯ ಹೆಂಗಸರು ಬೇಡಿಕೊಂಡರಂತೆ. ಗಿಣಿಯ ಹಾಗೆ ನೋಡಿಕೊಳ್ಳುತ್ತೇನೆ ಎಂದ ಹೈದರ್. ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ. ಈ ಕತೆಯನ್ನು ಬರೆದಿಟ್ಟವನು ಮಾರ್ಕ್ ವಿಲ್ಕ್ಸ್, ಕಂಪನಿಯ ಕಡೆಯವನು, ಹೈದರನ ಮೇಲೆ ಪ್ರೀತಿ ಇದ್ದವನೇನಲ್ಲ. ಆದರೂ ಪ್ರಣಾಳಿಕೆಯನ್ನು ಅಕ್ಷರಶಃ ಈಡೇರಿಸಿದ ಇನ್ನೊಬ್ಬ ಆಡಳಿತಗಾರನನ್ನು ನನಗೆ ತೋರಿಸಿ.

ಹೈದರ್ ಪಟ್ಟಕ್ಕೆ ಕೂರಲಿಲ್ಲ. ಬುದ್ಧಿವಂತ. ಅರಮನೆಯಲ್ಲಿ ಒಬ್ಬ ಒಡೆಯರು ಇರಲೇಬೇಕು, ದಸರೆಗೆ ಹೊರಗೆ ಬಂದು ಕೂರಲೇಬೇಕು. ಕೃಷ್ಣರಾಜರ ನಂತರ ನಂಜರಾಜ ಒಡೆಯರು. ಅವರು ಮರಾಠರ ಜೊತೆ ಪಿಸುಗುಟ್ಟಿದರೆಂದು 1770ರಲ್ಲಿ ಕತ್ತು ಹಿಸುಕಿಸಿದ. ತಮ್ಮ ಬೆಟ್ಟದ ಚಾಮರಾಜ ಒಡೆಯರು 1776ರವರೆಗೆ. ಅವರೂ ಹೋದಾಗ ಸಮೀಪದ ವಾರಸುದಾರರಿಲ್ಲ. ಹೈದರ್ ಸಂಬಂಧಿಕರ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಕೂಡಿಹಾಕಿದ. ನಡುವೆ ಆಟಿಕೆ, ಮಿಠಾಯಿ, ಹಣ್ಣು ಹರಡಿಸಿದ. ಮಕ್ಕಳು ಮಿಠಾಯಿಗೆ ಮುಗಿಬಿದ್ದರು. ಒಂದು ಮಗು ಒಂದು ಕೈಯಲ್ಲಿ ಬಾಕು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿಯಿತು. ಇವನೇ ರಾಜ ಎಂದ ಹೈದರ್. ಅವನೇ ಖಾಸಾ ಚಾಮರಾಜ ಒಡೆಯರು.

ಇದೂ ವಿಲ್ಕ್ಸ್ ಹೇಳಿದ ಕತೆಯೇ. ನಗಬೇಡಿ. ನಮ್ಮ ಪಕ್ಷಗಳ ಟಿಕೆಟು ಹಂಚಿಕೆಗಿಂತ ಇದು ಪಾರದರ್ಶಕ. ಅಲ್ಲಿ ಎಲ್ಲ ಮಕ್ಕಳನ್ನೂ ಕರೆದಿದ್ದರು. ಎಲ್ಲರ ಮುಂದೆಯೂ ಒಂದೇ ತಟ್ಟೆ ಇಟ್ಟಿದ್ದರು.

ನಾವಷ್ಟೇ ಹೀಗೆ ಎಂದು ಬೇಸರಪಡಬೇಕಿಲ್ಲ. ಅತ್ತ ಸಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ಅಯುತ್ಥಯ ಎಂಬ ರಾಜಧಾನಿಯಲ್ಲಿ, ಇದೇ ಆಟ. ಹೆಸರು ನಮ್ಮ ಅಯೋಧ್ಯೆಯದು, ಭರತನ ಪಾದುಕೆ ಮಾತ್ರ ಅಲ್ಲಿಗೆ ತಲುಪಲಿಲ್ಲ. 1629ರಲ್ಲಿ ಒಬ್ಬ ಮಂತ್ರಿ ಎಳೆಯ ದೊರೆಯನ್ನು ಕೊಲ್ಲಿಸಿ, ಹತ್ತು ವರ್ಷದ ಆಸುಪಾಸಿನ ತಮ್ಮನಿಗೆ ಪಟ್ಟ ಕಟ್ಟಿ, ತಿಂಗಳೊಪ್ಪತ್ತಿನಲ್ಲಿ ಅವನನ್ನೂ ಇಳಿಸಿ ತಾನೇ ಪ್ರಸಾತ್ ಥೊಂಗ್ ಎಂಬ ಹೆಸರಿನ ದೊರೆಯಾದ. 1656ರಲ್ಲಿ ಅವನ ಮಗ ನಾರಾಯ್ ಮೊದಲು ಚಿಕ್ಕಪ್ಪನ ಜೊತೆ ಸೇರಿ ಅಣ್ಣನನ್ನು ಮುಗಿಸಿದ, ಆಮೇಲೆ ಚಿಕ್ಕಪ್ಪನನ್ನು. 1688ರಲ್ಲಿ, ನಮ್ಮ ಊರು ಮಾರಾಟವಾದ ಮರುವರ್ಷ, ಕಾಯಿಲೆ ಬಿದ್ದ ನಾರಾಯ್‌ನನ್ನು ಮೂಲೆಗೆ ಸರಿಸಿದವನು ಅವನದೇ ಆನೆಪಡೆಯ ಅಧಿಕಾರಿ ಪೇತ್ರಾಚ. ಅಲ್ಲೂ ದಳವಾಯಿಯೇ.

ಅಲ್ಲಿ ಒಂದು ಸಂಪ್ರದಾಯ ಇತ್ತು. ಅರಸುಮನೆಯ ರಕ್ತ ನೆಲಕ್ಕೆ ಬೀಳಬಾರದು. ಆದ್ದರಿಂದ ರಾಜಕುಮಾರನನ್ನು ಮಖಮಲ್ಲಿನ ಚೀಲದಲ್ಲಿ ಹಾಕಿ ಶ್ರೀಗಂಧದ ಕೊರಡಿನಿಂದ ಬಡಿದು ಕೊಲ್ಲುತ್ತಿದ್ದರು. ಮರ್ಯಾದೆ ಎಂದರೆ ಮರ್ಯಾದೆ. ಶ್ರೀಗಂಧಕ್ಕೆ ಹೆಸರಾದ ನಾಡು ನಮ್ಮದು, ಇಷ್ಟು ಸೌಜನ್ಯ ನಮ್ಮ ದಳವಾಯಿಗಳಿಗೆ ಹೊಳೆಯಲಿಲ್ಲ. ಗಂಧವನ್ನೆಲ್ಲ ಸೋಪಿಗೆ ಉಳಿಸಿದರು.

ವ್ಯತ್ಯಾಸ ಒಂದೇ. ಸಯಾಮಿನವನು ಕೊಂದವನ ಕುರ್ಚಿಯಲ್ಲಿ ತಾನೇ ಕೂರುತ್ತಿದ್ದ. ನಮ್ಮವನು ಕೂರುವುದಿಲ್ಲ. ಕೂರಿಸುತ್ತಾನೆ. ಕುರ್ಚಿಯಲ್ಲಿ ಮಗು, ಕೀಲಿ ಸೊಂಟದಲ್ಲಿ. ಏನಾದರೂ ಕೆಟ್ಟರೆ ಅಪವಾದ ಮಗುವಿಗೆ.

ಈ ನಾಟಕ ಸಾಕು ಎಂದವನು ಟಿಪ್ಪು. 1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡಾಗ ಆ ಪೀಠಕ್ಕೆ ಇನ್ನೊಬ್ಬರನ್ನು ಕೂರಿಸಲೇ ಇಲ್ಲ. ಪೀಠ ಖಾಲಿ. 1799ರ ಮೇ ತಿಂಗಳಲ್ಲಿ ಟಿಪ್ಪು ಬಿದ್ದ. ಬ್ರಿಟಿಷರು ಏನು ಮಾಡಿದರು? ನಾಟಕ ಮತ್ತೆ ಶುರುಮಾಡಿದರು. ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಹುಡುಕಿ ತಂದು ಜೂನ್ 30ಕ್ಕೆ ಪಟ್ಟ ಕಟ್ಟಿದರು. ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ. ದಿವಾನ ಯಾರು? ಹೈದರನ ಕೆಳಗೂ ಟಿಪ್ಪುವಿನ ಕೆಳಗೂ ಲೆಕ್ಕ ಬರೆದಿದ್ದ ಪೂರ್ಣಯ್ಯ. ದೊರೆ ಬದಲು, ಧ್ವಜ ಬದಲು, ಧರ್ಮ ಬದಲು. ಫೈಲು ಅದೇ ಮೇಜಿನ ಮೇಲೆ.

ಮಗು ದೊಡ್ಡವರಾಗಿ ಸ್ವಂತ ಆಳತೊಡಗಿದರು. ಮಲೆನಾಡಿನ ನಗರ ಸೀಮೆಯ ಕಡೆ ರೈತರು ದಂಗೆ ಎದ್ದರು. ಆಡಳಿತ ಸರಿಯಿಲ್ಲ ಎಂದು 1831ರಲ್ಲಿ ಕಂಪನಿ ಅಧಿಕಾರ ಕಿತ್ತುಕೊಂಡಿತು. ವಾಪಸು ಕೊಟ್ಟದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ, ದತ್ತು ಮಗನಿಗೆ. ಅಲ್ಲಿಂದ ಮುಂದಿನದ್ದು ನಿಮಗೆ ಗೊತ್ತು. ಕನ್ನಂಬಾಡಿ, ವಿಶ್ವವಿದ್ಯಾನಿಲಯ, ಬೆಳಕು, ನೀರು. ಅದನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. ದಾಯಾದಿ, ದಳವಾಯಿಗಳ ಭಯ ತಪ್ಪಿದ ಮೇಲೆ ಇದೇ ಮನೆತನ ಏನೇನು ಮಾಡಿತು ನೋಡಿ. ಫ್ಲೆಕ್ಸಿನಲ್ಲಿ ಅದರ ಸುಳಿವೂ ಇಲ್ಲ. ಕತ್ತಿ ಇದೆ, ಕಾಲುವೆ ಇಲ್ಲ.

ಪೀಠ ಖಾಲಿ ಬಿಡುವ ಟಿಪ್ಪುವಿನ ವಿದ್ಯೆ ಮಾತ್ರ ಅವನ ವಿರೋಧಿಗಳಿಗೂ ಬೆಂಬಲಿಗರಿಗೂ ಸಮನಾಗಿ ಹಿಡಿಸಿದೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆಯ ಅವಧಿ ಮುಗಿಯಿತು. ಮೇಯರ್ ಇಲ್ಲ, ಕಾರ್ಪೊರೇಟರ್ ಇಲ್ಲ, ಚುನಾವಣೆ ಇಲ್ಲ. ಒಂದು ಸರ್ಕಾರ ಹೋಯಿತು, ಇನ್ನೊಂದು ಬಂತು. ಐದು ವರ್ಷ ಆಡಳಿತಾಧಿಕಾರಿಯದ್ದೇ ಕಾರುಬಾರು. ಊರು ಕಟ್ಟಿದವರ ಪ್ರತಿಮೆ ಎತ್ತಿ ನಿಲ್ಲಿಸಿದ್ದೂ ಇದೇ ಅವಧಿಯಲ್ಲಿ. ಊರಿಗೊಬ್ಬ ಮೇಯರ್ ಬೇಕು ಅನ್ನುವುದು ಆ ಸಮಾರಂಭದ ಗಲಾಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನಮ್ಮ ಬೀದಿಯ ಮ್ಯಾನ್‌ಹೋಲು ಉಕ್ಕಿದಾಗ ಒಂದು ಕಚೇರಿಗೆ ಹೋದೆ. ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿ, "ನಿಮ್ಮ ಕಾರ್ಪೊರೇಟರ್ ಹತ್ರ ಲೆಟರ್ ತನ್ನಿ" ಎಂದರು. ಕಾರ್ಪೊರೇಟರೇ ಇಲ್ಲವಲ್ಲ ಎಂದೆ. "ಹಾಗಾದ್ರೆ ಮಾಜಿಯವರ ಹತ್ರ ತನ್ನಿ ಸಾರ್" ಎಂದರು. ಅಧಿಕಾರ ಇಲ್ಲದವನ ಕಾಗದಕ್ಕೆ ಇರುವ ಬೆಲೆ ತೆರಿಗೆ ಕಟ್ಟುವವನ ಬಾಯಿಮಾತಿಗೆ ಇಲ್ಲ. ದಳವಾಯಿಗಳ ಕಾಲದಲ್ಲೂ ಫರ್ಮಾನು ದೊರೆಯ ಹೆಸರಿನಲ್ಲೇ ಹೊರಡುತ್ತಿತ್ತು.

2025ರ ಸೆಪ್ಟೆಂಬರಿನಲ್ಲಿ ಊರನ್ನು ಐದು ಪಾಲು ಮಾಡಿದರು. ಐದು ಪಾಲಿಕೆ, ಮೇಲೊಂದು ಪ್ರಾಧಿಕಾರ. ನಾವು ಅಮೃತಹಳ್ಳಿಯವರು ಉತ್ತರ ಪಾಲಿಕೆಯ ಪಾಲಿಗೆ ಬಂದೆವು. ಶಿವಾಜಿ, ಏಕೋಜಿ ಭಾಗ ಮಾಡಿಕೊಂಡದ್ದು ಎರಡೇ, ಅದಕ್ಕೇ ದಂಡು ತರಬೇಕಾಯಿತು. ಇಲ್ಲಿ ಒಂದು ಮಸೂದೆ ಸಾಕಾಯಿತು. ಕಾರಣವಾಗಿ ಆಡಳಿತದ ಅನುಕೂಲ ಎಂದರು. ಒಂದು ಪೀಠವನ್ನೇ ಐದು ವರ್ಷ ಖಾಲಿ ಇಟ್ಟವರು ಐದು ಪೀಠಗಳ ಅನುಕೂಲ ವಿವರಿಸುವಾಗ ಯಾರ ಮುಖದಲ್ಲೂ ನಗು ಕಾಣಲಿಲ್ಲ.

ಐದು ಪೀಠ ಎಂದರೆ ಐದು ಪಟ್ಟಾಭಿಷೇಕ. ನೂರಾರು ವಾರ್ಡು. ತಿರುವಿನ ಟೀ ಅಂಗಡಿಯಲ್ಲಿ ಈಗ ಇದೇ ಮಾತು. ನಮ್ಮ ವಾರ್ಡು ಜನರಲ್ ಆದರೆ ಕಣ್ಮಣಿಗೆ. ಮಹಿಳಾ ಮೀಸಲು ಬಂದರೆ ಕಣ್ಮಣಿಯ ಹೆಂಡತಿಗೆ. ಪಕ್ಕದ ವಾರ್ಡಿಗೆ ಯಾರು ಎಂದು ಕೇಳಿದೆ.

ಟೀ ಸೋಸುತ್ತಿದ್ದವನು ತಲೆ ಎತ್ತಲಿಲ್ಲ. "ಅದು ಆಗ್ಲೇ ಫೈನಲ್ ಆಗಿದೆ ಸಾರ್. ಸಾಹೇಬ್ರಿಗೆ ಅಳಿಯ ಇದ್ದಾರಲ್ಲ."